ಬರಾಸಿ, ರೊನಾಲ್ಡ್ ಡೇಲ್

1936-2023. ಆಸ್ಟ್ರೇಲಿಯದ ಫುಟ್‌ಬಾಲ್ ಆಟಗಾರ, ತಂಡನಾಯಕ, ತರಬೇತುದಾರ. ವಿಕ್ಟೋರಿಯನ್ ಫುಟ್‌ಬಾಲ್ ಲೀಗಿನ ಪ್ರಶಸ್ತಿಯನ್ನು ಆಟಗಾರನಾಗಿ ಆರು ಬಾರಿ, ತರಬೇತುದಾರನಾಗಿ ನಾಲ್ಕು ಬಾರಿ ಗೆದ್ದು, ಮರುಪಂದ್ಯವನ್ನೂ ಎಣಿಸಿದರೆ ಒಟ್ಟು ಹದಿನೇಳು ಗ್ರ್ಯಾಂಡ್ ಫೈನಲ್ ಎಂಬ ಅಂತಿಮ ಪಂದ್ಯಗಳಲ್ಲಿ ಭಾಗಿಯಾದ ಈತನ ಹೆಸರು ಆ ದೇಶದ ದಕ್ಷಿಣ ಭಾಗದಲ್ಲಿ ಆಟಕ್ಕೇ ಪರ್ಯಾಯವೆನ್ನುವಷ್ಟು ರೂಢವಾಗಿತ್ತು. ಆದರೆ ಗೆಲುವುಗಳ ಗಣನೆಗಿಂತ ಈತನ ಚರಿತ್ರೆಯಲ್ಲಿ ಹೆಚ್ಚು ವಿಚಾರಾರ್ಹವಾದುದು ಮತ್ತೊಂದಿದೆ. ತಂದೆಯ ಕ್ಲಬ್ಬಿಗೆ ಮಗ ಸೇರಬಹುದೆಂಬ ಕುಲನಿಷ್ಠೆಯ ನಿಯಮವನ್ನು ಯಾವ ಬಾಲಕನಿಗಾಗಿ ಹಿರಿಯರು ಹೋರಾಡಿ ತಂದರೋ, ಆ ಬಾಲಕನೇ ಬೆಳೆದು ನಾಯಕನಾಗಿ, ಕೀರ್ತಿಯ ಶಿಖರದಲ್ಲಿದ್ದಾಗಲೇ ಆ ಕ್ಲಬ್ಬನ್ನು ತೊರೆದು ಎದುರಾಳಿಯ ಪಾಳೆಯಕ್ಕೆ ನಡೆದನು. ನಿಷ್ಠೆಯ ಯುಗವೊಂದು ಮುಗಿದು ವೃತ್ತಿಯ ಯುಗವೊಂದು ಮೊದಲಾದುದನ್ನು ಆಸ್ಟ್ರೇಲಿಯದ ಕ್ರೀಡಾಚರಿತ್ರಕಾರರು ಆ ಒಂದು ಹೆಜ್ಜೆಯಿಂದ ಗಣಿಸುವುದುಂಟು.

ಈತ ಆಡಿದ ಆಟವನ್ನು ಕುರಿತು ಎರಡು ಮಾತು ಮೊದಲೇ ಹೇಳುವುದು ಅವಶ್ಯ. ಏಕೆಂದರೆ ಫುಟ್‌ಬಾಲ್ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಆಟಕ್ಕೂ ಇದಕ್ಕೂ ಚೆಂಡನ್ನು ಒದೆಯುವುದೊಂದನ್ನು ಬಿಟ್ಟರೆ ಸಾಮ್ಯ ಅತ್ಯಲ್ಪ. ಕ್ರಿಕೆಟ್ಟಿಗಾಗಿ ಹದಮಾಡಿದ ಅಂಡಾಕಾರದ ವಿಶಾಲ ಬಯಲಿನಲ್ಲಿ ಪಕ್ಷವೊಂದಕ್ಕೆ ಹದಿನೆಂಟು ಮಂದಿಯಂತೆ ನಿಂತು ನಾಲ್ಕು ಅವಧಿಗಳ ಕಾಲ ಆಡುತ್ತಾರೆ. ಬಯಲಿನ ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳಿದ್ದು, ನಡುವಿನ ಎರಡರ ನಡುವೆ ಚೆಂಡನ್ನು ಒದ್ದು ದಾಟಿಸಿದರೆ ಗೋಲು, ಅದಕ್ಕೆ ಆರು ಅಂಕ. ಪಕ್ಕದ ಕಂಬಗಳ ಎಡೆಯಲ್ಲಿ ಹೋದರೆ ಬಿಹೈಂಡ್, ಅದಕ್ಕೆ ಒಂದೇ ಅಂಕ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಆಗಾಗ ನೆಲಕ್ಕೆ ಪುಟಿಸಬೇಕು. ಎಸೆಯುವಂತಿಲ್ಲ, ಒಂದು ಅಂಗೈಯ ಮೇಲಿಟ್ಟು ಮತ್ತೊಂದು ಮುಷ್ಟಿಯಿಂದ ಗುದ್ದಿ ಸಂಗಾತಿಗೆ ಕಳುಹಿಸಬಹುದು. ಈ ಗುದ್ದುವಿಕೆಗೆ ಹ್ಯಾಂಡ್‌ಬಾಲ್ ಎಂದು ಹೆಸರು. ಒದೆತದಿಂದ ಹಾರಿಬಂದ ಚೆಂಡನ್ನು ನೆಲಕ್ಕೆ ಬೀಳಗೊಡದೆ ಹಿಡಿಯುವುದು ಮಾರ್ಕ್. ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು ದೊರೆಯುತ್ತದೆಯಾದ್ದರಿಂದ, ಎದುರಾಳಿಯ ಹೆಗಲನ್ನೇ ಮೆಟ್ಟಿಲು ಮಾಡಿಕೊಂಡು ಮೇಲೆ ನೆಗೆದು ಚೆಂಡನ್ನು ಕಸಿಯುವ ದೃಶ್ಯವೇ ಈ ಆಟದ ಪರಮ ಆಕರ್ಷಣೆ. 1859ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗನೇ ಮೊದಲಾದ ಕೆಲವರು ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬಿನ ಪರವಾಗಿ ಇದರ ಮೊದಲ ನಿಯಮಗಳನ್ನು ಬರೆದಿಟ್ಟರು. ಇದರ ಮಹಾಪಂದ್ಯಗಳು ನಡೆಯುವ ಮೆಲ್ಬರ್ನ್ ಕ್ರಿಕೆಟ್ ಮೈದಾನವು ಕನ್ನಡಿಗರಿಗೆ ಅಪರಿಚಿತವೇನಲ್ಲ, ಬಿ. ಎಸ್. ಚಂದ್ರಶೇಖರ್ ಎರಡು ಇನಿಂಗ್ಸುಗಳಲ್ಲಿಯೂ 52 ರನ್ನುಗಳಿಗೆ 6 ವಿಕೆಟ್ಟುಗಳಂತೆ ಪಡೆದು ಭಾರತಕ್ಕೆ ಜಯವನ್ನು ತಂದುಕೊಟ್ಟುದು ಅಲ್ಲಿಯೇ, ಬರಾಸಿ ತನ್ನ ಕೊನೆಯ ಪ್ರಶಸ್ತಿಯನ್ನು ಗೆದ್ದ ಕೆಲವೇ ತಿಂಗಳುಗಳ ತರುವಾಯ.

ಬರಾಸಿಯ ಕಾಲದ ಲೀಗು ಹನ್ನೆರಡು ಕ್ಲಬ್ಬುಗಳ ಕೂಟ. ಅವುಗಳಲ್ಲಿ ಜೀಲಾಂಗ್ ಒಂದನ್ನುಳಿದು ಮಿಕ್ಕವೆಲ್ಲ ಮೆಲ್ಬರ್ನ್ ಮಹಾನಗರದ ಬಡಾವಣೆಗಳವು. ಕಾಲಿಂಗ್‌ವುಡ್ಡಿನಲ್ಲಿ ಹುಟ್ಟಿದವನು ಕಾಲಿಂಗ್‌ವುಡ್ಡಿಗೆ, ಕಾರ್ಲ್ಟನ್ನಿನಲ್ಲಿ ಬೆಳೆದವನು ಕಾರ್ಲ್ಟನ್ನಿಗೆ ಎಂಬಂತೆ ಪ್ರತಿಯೊಂದು ಕ್ಲಬ್ಬಿಗೂ ತನ್ನ ಸೀಮೆ ನಿಗದಿಯಾಗಿತ್ತು. ಆಟಗಾರರು ವಾರವೆಲ್ಲ ಕಾರ್ಖಾನೆಗಳಲ್ಲಿಯೋ ಕಚೇರಿಗಳಲ್ಲಿಯೋ ದುಡಿದು ಶನಿವಾರ ಮಧ್ಯಾಹ್ನ ಕಣಕ್ಕಿಳಿಯುತ್ತಿದ್ದರು. ಆಟದಿಂದ ಬರುತ್ತಿದ್ದ ಹಣವು ಜೀವನೋಪಾಯಕ್ಕೆ ಸಾಲುವಂತಿರಲಿಲ್ಲ. ಕ್ಲಬ್ಬನ್ನು ಬದಲಿಸುವುದೆಂದರೆ ಬಹುಮಟ್ಟಿಗೆ ಮನೆತನವನ್ನು ಬದಲಿಸಿದಂತೆಯೇ ಎಂದು ಭಾವಿಸಿದ್ದ ಸಮಾಜವದು.

ಬರಾಸಿ ಹುಟ್ಟಿದ್ದು 1936ರ ಫೆಬ್ರವರಿ 27ರಂದು, ವಿಕ್ಟೋರಿಯದ ಕ್ಯಾಸಲ್‌ಮೇನ್ ಪಟ್ಟಣದಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುವೆ ಆ ಪ್ರಾಂತದಲ್ಲಿ ಚಿನ್ನದ ನಿಕ್ಷೇಪಗಳು ದೊರೆತಾಗ ಸ್ವಿಟ್ಸರ್ಲೆಂಡಿನ ಇಟಾಲಿಯನ್ ಭಾಷಿಕ ಕಣಿವೆಗಳಿಂದ ವಲಸೆ ಬಂದು ನೆಲೆಸಿದ ಕುಟುಂಬಗಳಲ್ಲಿ ಬರಾಸಿ ಮನೆತನವೂ ಒಂದು. ಸಮೀಪದ ಗಿಲ್ಡ್‌ಫರ್ಡ್ ಗ್ರಾಮ ಅವರ ನೆಲೆ. ತಂದೆಯ ಹೆಸರೂ ರಾನ್ ಬರಾಸಿಯೇ. ಆತ ಮೆಲ್ಬರ್ನ್ ಕ್ಲಬ್ಬಿನ ಆಟಗಾರ. 1940ರಲ್ಲಿ ಪ್ರಶಸ್ತಿ ಗೆದ್ದ ತಂಡದಲ್ಲಿದ್ದವನು. ಮರುವರ್ಷವೇ ಸೈನಿಕನಾಗಿ ಉತ್ತರ ಆಫ್ರಿಕಕ್ಕೆ ಹೋಗಿ, ಮುತ್ತಿಗೆಗೊಳಗಾಗಿದ್ದ ಟೊಬ್ರುಕ್ ನಗರದಲ್ಲಿ 1941ರ ಜುಲೈ 31ರಂದು ಮಡಿದನು. ಆಗ ಮಗನಿಗೆ ಐದು ವರ್ಷ. ತಂದೆಯ ನೇರ ನೆನಪು ಹೆಚ್ಚೇನೂ ಉಳಿದಿರಲಾರದ ಆ ಬಾಲಕನಿಗೆ, ತಂದೆ ತೊಟ್ಟಿದ್ದ 31ನೆಯ ಅಂಕಿಯ ಅಂಗಿ ಪಿತ್ರಾರ್ಜಿತವೆಂಬಂತೆ ಒದಗಿಬಂತು; ಮುಂದೆ ಈತನೂ ಅದನ್ನೇ ಧರಿಸಿದನು.

ಮಡಿದ ಸಂಗಾತಿಯ ಮಗನನ್ನು ಮೆಲ್ಬರ್ನ್ ಕ್ಲಬ್ಬಿನವರು ಮರೆಯಲಿಲ್ಲ. ಆದರೆ ಸೀಮೆಯ ನಿಯಮ ಅವರಿಗೆ ಅಡ್ಡ ಬಂದಿತು. ಅದರ ಪ್ರಕಾರ ಈತ ಕಾರ್ಲ್ಟನ್ ಅಥವಾ ಕಾಲಿಂಗ್‌ವುಡ್ ಕ್ಲಬ್ಬಿನ ಪಾಲಾಗಬೇಕಾಗಿತ್ತು. ಕ್ಲಬ್ಬಿನ ಹಿರಿಯರು ಲೀಗಿನ ಮುಂದೆ ವಾದಿಸಿ, ಒಂದು ಕ್ಲಬ್ಬಿಗಾಗಿ ಗಣನೀಯವಾಗಿ ಆಡಿದವನ ಮಗ ಅದೇ ಕ್ಲಬ್ಬನ್ನು ಸೇರಬಹುದೆಂಬ ನಿಯಮಕ್ಕೆ ಒಪ್ಪಿಗೆ ಪಡೆದರು. ತಂದೆ-ಮಗ ನಿಯಮವೆಂದು ಪ್ರಸಿದ್ಧವಾದ ಇದು, ಆಟಗಾರರ ಹಂಚಿಕೆಯ ಮಿಕ್ಕೆಲ್ಲ ಪದ್ಧತಿಗಳು ಬದಲಾದ ಮೇಲೆಯೂ, ಹಲವು ತಿದ್ದುಪಡಿಗಳೊಡನೆ ಇಂದಿನವರೆಗೆ ಉಳಿದುಬಂದಿದೆ. ಅದರ ಪ್ರಯೋಜನ ಪಡೆದ ಮೊದಲಿಗರಲ್ಲಿ ಬರಾಸಿ ಒಬ್ಬ. ಅಷ್ಟರಲ್ಲಿ ತಾಯಿ ಮರುವಿವಾಹವಾಗಿ ಟಾಸ್ಮೇನಿಯಕ್ಕೆ ಹೊರಟುನಿಂತಾಗ, ಮೆಲ್ಬರ್ನ್ ತಂಡದ ತರಬೇತುದಾರನೂ ತಂದೆಯ ಹಳೆಯ ಸಹ ಆಟಗಾರನೂ ಆದ ನಾರ್ಮ್ ಸ್ಮಿತ್, ಹದಿಹರೆಯದ ಈ ಹುಡುಗನನ್ನು ತನ್ನ ಮನೆಗೆ ಕರೆತಂದು ಹಿತ್ತಿಲಿನ ಪುಟ್ಟ ಬಿಡಾರದಲ್ಲಿ ಇರಿಸಿಕೊಂಡನು. ಹೀಗೆ ಈತನಿಗೆ ದೊರೆತದ್ದು ನಮ್ಮ ಹಳೆಯ ಗುರುಕುಲವನ್ನು ಹೋಲುವ ವಿದ್ಯಾಭ್ಯಾಸ. ಮೈದಾನದಲ್ಲಿ ಕೇಳಿದ ಬೈಗುಳದ ಮುಂದಿನ ಭಾಗವನ್ನು ಊಟದ ಮೇಜಿನ ಮುಂದೆಯೂ ಕೇಳಬೇಕಾದಂಥದು. ಸ್ಮಿತ್ ಮಿತಭಾಷಿಯಲ್ಲ, ಮೃದುಭಾಷಿಯಂತೂ ಅಲ್ಲ. ಶಿಸ್ತಿನಲ್ಲಿ ಅತಿ ಕಠೋರ. ಶಿಷ್ಯನು ಮುಂದೆ ಗುರುವಾದಾಗ ಈ ಕಠೋರತೆಯೇ ಇಮ್ಮಡಿಯಾಗಿ ಕಾಣಿಸಿಕೊಂಡಿತು.

1953ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಈತ ಲೀಗಿನ ಮೊದಲ ಪಂದ್ಯವನ್ನಾಡಿದನು. ಆರಂಭದ ದಿನಗಳು ಆಶಾದಾಯಕವಾಗಿರಲಿಲ್ಲ. ಮೈಕಟ್ಟು ಬಲವಾದುದು, ಧೈರ್ಯ ಮಿತಿಮೀರಿದುದು. ಆದರೆ ಈತನನ್ನು ಎಲ್ಲಿ ನಿಲ್ಲಿಸುವುದೆಂಬುದೇ ಬಿಡಿಸಲಾಗದ ಪ್ರಶ್ನೆಯಾಗಿತ್ತು. ಈ ಆಟದಲ್ಲಿ ನಡುಗಣದಿಂದ ಮೇಲಕ್ಕೆ ಪುಟಿದ ಚೆಂಡಿಗಾಗಿ ನೆಗೆದು ಹೋರಾಡುವ ಎತ್ತರದ ಆಳುಗಳಿಗೆ ರಕ್‌ಮನ್ ಎಂದೂ, ಅವರು ಕೆಡವಿದ ಚೆಂಡನ್ನು ಅವರ ಕಾಲಬುಡದಲ್ಲಿ ಹೆಕ್ಕಿಕೊಂಡು ಓಡುವ ಗಿಡ್ಡ ಚುರುಕುಗಾರನಿಗೆ ರೋವರ್ ಎಂದೂ ಹೆಸರು. 179 ಸೆಂಟಿಮೀಟರ್ ಎತ್ತರದ ಬರಾಸಿ ಮೊದಲಿನದಕ್ಕೆ ಕುಳ್ಳ, ಎರಡನೆಯದಕ್ಕೆ ಸ್ಥೂಲ. ರಕ್‌ಮನ್ನರಿಬ್ಬರಲ್ಲಿ ಒಬ್ಬನು ಚೆಂಡಿಗೆ ನೆಗೆಯುವಾಗ ಇನ್ನೊಬ್ಬನು ಸುಮ್ಮನೆ ಕಾವಲು ನಿಲ್ಲುವ ಬದಲು ತಾನೂ ಚೆಂಡನ್ನು ಬೆನ್ನಟ್ಟಿ, ಬಲ್ಲವನಾದರೆ ಗೋಲಿನವರೆಗೂ ಧಾವಿಸಬಾರದೇಕೆಂದು ಆಲೋಚಿಸಿದ ಸ್ಮಿತ್, ಆ ಸ್ಥಾನಕ್ಕೆ ಈತನನ್ನು ನಿಯೋಜಿಸಿದನು. ರಕ್-ರೋವರ್ ಎಂಬ ಹೊಸ ಪಾತ್ರ ಹುಟ್ಟಿಕೊಂಡದ್ದು ಹೀಗೆ. ಇದನ್ನು ಬರಾಸಿಯ ಆವಿಷ್ಕಾರವೆಂದು ಹೊಗಳುವವರಿದ್ದಾರೆ. ವಾಸ್ತವದಲ್ಲಿ ಬುದ್ಧಿ ಸ್ಮಿತ್ತನದು, ದೇಹ ಬರಾಸಿಯದು. ಹತ್ತಾರು ವರ್ಷಗಳೊಳಗೆ ಎಲ್ಲ ತಂಡಗಳೂ ಇದನ್ನು ಅನುಸರಿಸಿದುವು. ಇಂದಿನ ಆಟದಲ್ಲಿ ನಡುಗಣದ ಆಟಗಾರರೆಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಈ ಪಾತ್ರದ ಸಂತತಿಯವರೇ ಆಗಿರುವರು.

1954ರಿಂದ 1960ರವರೆಗೆ ಮೆಲ್ಬರ್ನ್ ತಂಡವು ಎಡೆಬಿಡದೆ ಏಳು ಗ್ರ್ಯಾಂಡ್ ಫೈನಲ್‌ಗಳನ್ನಾಡಿ, 1955, 1956, 1957, 1959, 1960ರಲ್ಲಿ ಐದನ್ನು ಗೆದ್ದಿತು. ಈ ಏಳರಲ್ಲಿಯೂ ಬರಾಸಿ ಆಡಿದನು. 1957ರಲ್ಲಿ ಎಸೆಂಡನ್ ತಂಡವನ್ನು 61 ಅಂಕಗಳಿಂದ ಸೋಲಿಸಿದ ದಿನ ಈತನದೇ ಐದು ಗೋಲು. ಆದರೆ ಈತನ ಸ್ವಭಾವವನ್ನು ತಿಳಿಯಬೇಕಾದರೆ ನೋಡತಕ್ಕದ್ದು 1958ರ ಸೋಲನ್ನು. ಆ ವರ್ಷವೂ ಗೆದ್ದಿದ್ದರೆ ಮೆಲ್ಬರ್ನಿಗೆ ಸತತ ನಾಲ್ಕನೆಯ ಪ್ರಶಸ್ತಿ ಲಭಿಸಿ, 1927ರಿಂದ 1930ರವರೆಗೆ ಕಾಲಿಂಗ್‌ವುಡ್ ಸ್ಥಾಪಿಸಿದ್ದ ಏಕೈಕ ದಾಖಲೆಗೆ ಸಮಾನತೆ ಬರುತ್ತಿತ್ತು. ಎದುರಾಳಿಯಾಗಿ ನಿಂತದ್ದು ಅದೇ ಕಾಲಿಂಗ್‌ವುಡ್. ಪೂರ್ವಜರ ದಾಖಲೆಯನ್ನು ಉಳಿಸಿಕೊಳ್ಳುವುದೊಂದೇ ಉದ್ದೇಶದಿಂದ ಕಣಕ್ಕಿಳಿದ ಆ ತಂಡ, ಬ್ಯಾರಿ ಹ್ಯಾರಿಸನ್ ಎಂಬಾತನನ್ನು ಬರಾಸಿಯ ಬೆನ್ನಿಗೆ ಹಚ್ಚಿತು. ಚೆಂಡಿಗಿಂತ ಹೆಚ್ಚಾಗಿ ತನ್ನನ್ನೇ ಗುರಿಯಾಗಿಸಿದ ಕೆಣಕಾಟಕ್ಕೆ ಬರಾಸಿ ಸಿಟ್ಟಿಗೆದ್ದು ಜಗಳದಲ್ಲಿ ಮುಳುಗಿದನು, ಸಿಟ್ಟು ತಂಡಕ್ಕೂ ಹಬ್ಬಿತು, ಪಂದ್ಯ ಕೈತಪ್ಪಿತು. ಕೋಪದಲ್ಲಿ ಅಪರಿಮಿತ ಬಲವನ್ನು ಪಡೆಯುತ್ತಿದ್ದ ಮನುಷ್ಯನು ಅದೇ ಕೋಪದಿಂದ ಬಲವನ್ನೆಲ್ಲ ಕಳೆದುಕೊಳ್ಳಲೂ ಶಕ್ತನಾಗಿದ್ದನೆಂಬುದಕ್ಕೆ ಇದು ನಿದರ್ಶನ. 1963ರಲ್ಲಿ ರಿಚ್ಮಂಡ್ ಆಟಗಾರನೊಬ್ಬನನ್ನು ಹೊಡೆದನೆಂದು ನಿಷೇಧಕ್ಕೊಳಗಾಗಿ, ಅಂತಿಮ ಸುತ್ತಿನ ಪಂದ್ಯಗಳನ್ನು ಈತ ಹೊರಗೆ ಕುಳಿತೇ ನೋಡಬೇಕಾಯಿತು.

1960ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿಯೇ, ನಾಯಕತ್ವ ಈತನದಾಯಿತು. ಆ ವರ್ಷದ ಗ್ರ್ಯಾಂಡ್ ಫೈನಲಿನಲ್ಲಿ ಕಾಲಿಂಗ್‌ವುಡ್ ತಂಡವು ಕೇವಲ 14 ಅಂಕಗಳಿಗೆ ಕುಸಿಯಿತು. 1964ರ ಕೊನೆಯ ಹೋರಾಟ ಇದಕ್ಕೆ ತದ್ವಿರುದ್ಧ: ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿರುವಾಗ ಕಾಲಿಂಗ್‌ವುಡ್ ಮುಂದಿತ್ತು. ಹಿಂಬದಿಯ ರಕ್ಷಕನಾದ ನೀಲ್ ಕ್ರಾಂಪ್ಟನ್ ತನ್ನ ಎದುರಾಳಿಯನ್ನು ಹಿಂಬಾಲಿಸಿ ಅಡ್ಡದಾರಿಯಲ್ಲಿ ಮುಂದಕ್ಕೆ ಬಂದವನು, ಎದುರಿಗೆ ಬಿದ್ದ ಚೆಂಡನ್ನು ಒದ್ದು ಗೋಲಾಗಿಸಿದನು. ಮೆಲ್ಬರ್ನ್ ನಾಲ್ಕೇ ಅಂಕಗಳಿಂದ ಗೆದ್ದಿತು. ಆ ಗೆಲುವಿನ ಉತ್ಸಾಹದಲ್ಲಿ ಮುಳುಗಿದ್ದವರಾರಿಗೂ, ನಾಯಕನು ಆ ಅಂಗಿಯನ್ನು ಮತ್ತೆ ತೊಡುವುದಿಲ್ಲವೆಂಬ ಶಂಕೆ ಇರಲಿಲ್ಲ.

ಕಾರ್ಲ್ಟನ್ ಆಗ ದುರ್ದಶೆಯಲ್ಲಿತ್ತು. 1947ರಿಂದೀಚೆಗೆ ಪ್ರಶಸ್ತಿಯ ಮುಖವನ್ನೇ ಕಾಣದೆ, 1964ರಲ್ಲಿ ಹನ್ನೆರಡು ತಂಡಗಳ ನಡುವೆ ಹತ್ತನೆಯದಾಗಿ ಇಳಿದಿದ್ದ ಆ ಕ್ಲಬ್ಬಿನಲ್ಲಿ ಹೊಸದಾಗಿ ಅಧಿಕಾರಕ್ಕೆ ಬಂದ ಜಾರ್ಜ್ ಹ್ಯಾರಿಸ್ ಎಂಬ ಮಹತ್ವಾಕಾಂಕ್ಷಿಯು, ಆಟಗಾರ-ತರಬೇತುದಾರನಾಗಿ ಬರಬೇಕೆಂದು ಬರಾಸಿಯನ್ನು ಆಹ್ವಾನಿಸಿದನು. ಆಕರ್ಷಣೆ ಹಣದ್ದೂ ಹೌದು, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಹಣವೊಂದೇ ಎಂದು ಹೇಳುವುದು ಅನ್ಯಾಯವಾದೀತು. ಮೆಲ್ಬರ್ನಿನಲ್ಲಿ ಸ್ಮಿತ್ ಇರುವವರೆಗೆ ತರಬೇತಿಯ ಪೀಠ ಬೇರೆಯವನದಾಗುವಂತಿರಲಿಲ್ಲ. ಸಾಕುತಂದೆಯ ನೆರಳಿನಿಂದ ಹೊರಬಂದು ತನ್ನ ಕಾಲಮೇಲೆ ನಿಂತು ನೋಡಬೇಕೆಂಬ ಹಂಬಲ ಮಗನಿಗೆ ಸಹಜವೂ ಆಗಿತ್ತು. ವರ್ಷಾಂತ್ಯದಲ್ಲಿ ಸುದ್ದಿ ಹೊರಬಿದ್ದಾಗ ನಗರವೇ ತಲ್ಲಣಿಸಿತು. ಮೆಲ್ಬರ್ನ್ ಪಕ್ಷದ ಅಭಿಮಾನಿಗಳು ಇದನ್ನು ದ್ರೋಹವೆಂದೇ ಭಾವಿಸಿದರು. ತಂದೆಯ ಋಣ, ಗುರುವಿನ ಋಣ, ಕ್ಲಬ್ಬಿನ ಋಣ ಇವು ಮೂರನ್ನೂ ಒಂದೇ ರುಜುವಿನಿಂದ ತೊಡೆದುಹಾಕಿದನೆಂಬುದು ಅವರ ಆರೋಪ. ಆಟವೂ ಒಂದು ದುಡಿಮೆಯೇ, ದುಡಿಯುವವನು ತನ್ನ ಯೋಗ್ಯತೆಗೆ ತಕ್ಕ ಸ್ಥಾನವನ್ನು ಅರಸಿ ಹೋಗುವುದು ಅಧರ್ಮವಲ್ಲ ಎಂಬ ಪ್ರತಿವಾದ ಅಂದು ಕ್ಷೀಣವಾಗಿ ಕೇಳಿಬಂದರೂ, ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಸರ್ವಸಮ್ಮತವಾಯಿತು. ಮೆಲ್ಬರ್ನಿನ ಅವನತಿಯಂತೂ ಒಡನೆಯೇ ಆರಂಭವಾಯಿತು. 1965ರ ಜುಲೈಯಲ್ಲಿ ಕ್ಲಬ್ಬಿನ ಆಡಳಿತ ಮಂಡಲಿಯು ಸ್ಮಿತ್ತನನ್ನೇ ವಜಾ ಮಾಡಿ, ಜನಾಕ್ರೋಶಕ್ಕೆ ಬೆದರಿ ಕೆಲವೇ ದಿನಗಳಲ್ಲಿ ಮರಳಿ ಕರೆದುಕೊಂಡಿತು. ಆದರೆ ಒಡೆದುದು ಕೂಡಲಿಲ್ಲ. 1964ರ ತರುವಾಯ 2021ರವರೆಗೆ ಆ ಕ್ಲಬ್ಬಿಗೆ ಪ್ರಶಸ್ತಿ ಒಲಿಯಲಿಲ್ಲ.

ಮೆಲ್ಬರ್ನಿಗಾಗಿ 204 ಪಂದ್ಯಗಳನ್ನಾಡಿದ್ದ ಬರಾಸಿ ಕಾರ್ಲ್ಟನ್ನಿಗಾಗಿ ಮತ್ತೆ 50 ಪಂದ್ಯಗಳನ್ನಾಡಿ 1969ರಲ್ಲಿ ಆಟದಿಂದ ನಿವೃತ್ತನಾದನು. ನಡುವೆ 1967ರಲ್ಲಿ ಹ್ಯಾರಿ ಬೈಟ್ಸೆಲ್ ಎಂಬ ಪ್ರಸಾರಕನು ಸಂಘಟಿಸಿದ ತಂಡವೊಂದರ ನಾಯಕನಾಗಿ ಐರ್ಲೆಂಡಿಗೆ ಹೋಗಿ, ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಆ ವರ್ಷದ ಐರಿಷ್ ವಿಜೇತರಾದ ಮೀತ್ ತಂಡವನ್ನು ಅವರದೇ ಗೇಲಿಕ್ ಫುಟ್‌ಬಾಲಿಗೆ ಹತ್ತಿರವಾದ ನಿಯಮಗಳಲ್ಲಿ ಸೋಲಿಸಿ ಬಂದನು. ಎರಡು ಆಟಗಳಿಗೂ ಇರುವ ದಾಯಾದಿತನ ಅಂದು ಈತನ ಮನಸ್ಸಿನಲ್ಲಿ ನಾಟಿತೆಂದು ಕಾಣುತ್ತದೆ. ಅದರ ಫಲ ಕಾಣಲು ಹದಿನೇಳು ವರ್ಷ ಬೇಕಾಯಿತು. 1968ರಲ್ಲಿ ಕಾರ್ಲ್ಟನ್ ಎಸೆಂಡನ್ ತಂಡವನ್ನು ಮೂರು ಅಂಕಗಳಿಂದ ಸೋಲಿಸಿ ಇಪ್ಪತ್ತೊಂದು ವರ್ಷಗಳ ತರುವಾಯ ಪ್ರಶಸ್ತಿಯನ್ನು ಮರಳಿ ಪಡೆಯಿತು. ಎದುರಾಳಿಗಿಂತ ಒಂದು ಗೋಲು ಕಡಮೆಯಿದ್ದು, ಬಿಹೈಂಡುಗಳ ಬಲದಿಂದಲೇ ಗೆದ್ದ ವಿಚಿತ್ರ ಜಯವದು. ಮರುವರ್ಷ ರಿಚ್ಮಂಡಿಗೆ ಸೋಲು. ಆಮೇಲೆ ಬಂದದ್ದು 1970.

ಆ ವರ್ಷದ ಸೆಪ್ಟೆಂಬರಿನಲ್ಲಿ ಕಾರ್ಲ್ಟನ್, ಕಾಲಿಂಗ್‌ವುಡ್ ತಂಡಗಳ ಅಂತಿಮ ಪಂದ್ಯವನ್ನು ನೋಡಲು ನೆರೆದವರು 1,21,696 ಮಂದಿ. ಈ ಆಟವನ್ನು ನೋಡಲು ಅಷ್ಟು ಜನ ಹಿಂದೆಯೂ ಕೂಡಿರಲಿಲ್ಲ, ಮುಂದೆಯೂ ಕೂಡಿಲ್ಲ. ಮೊದಲರ್ಧ ಮುಗಿದಾಗ ಕಾಲಿಂಗ್‌ವುಡ್ 44 ಅಂಕಗಳಷ್ಟು ಮುಂದಿತ್ತು. ಆಟಗಾರ ಅಲೆಕ್ಸ್ ಜೆಸಲೆಂಕೊ ಎದುರಾಳಿ ಗ್ರೇಮ್ ಜೆಂಕಿನ್ನನ ಹೆಗಲ ಮೇಲೆ ನಿಂತಂತೆ ನೆಗೆದು ಹಿಡಿದ ಮಾರ್ಕ್ ಒಂದನ್ನು ಬಿಟ್ಟರೆ ಕಾರ್ಲ್ಟನ್ ಪಾಲಿಗೆ ಹೇಳಿಕೊಳ್ಳುವಂಥದೇನೂ ನಡೆದಿರಲಿಲ್ಲ. ವಿರಾಮದಲ್ಲಿ ಬರಾಸಿ ತನ್ನವರಿಗೆ ಆಜ್ಞಾಪಿಸಿದ್ದು ಇಷ್ಟು: ಚೆಂಡು ಕೈಗೆ ಸಿಕ್ಕೊಡನೆ ಹ್ಯಾಂಡ್‌ಬಾಲ್ ಮಾಡಿ, ನಿಲ್ಲಬೇಡಿ, ಓಡಿ, ಅಪಾಯವನ್ನು ಲೆಕ್ಕಿಸಬೇಡಿ. ಮೀಸಲು ಆಟಗಾರನಾಗಿ ಕುಳಿತಿದ್ದ ಟೆಡ್ ಹಾಪ್ಕಿನ್ಸ್ ಎಂಬ ಸಣ್ಣ ಮೈಕಟ್ಟಿನ ಯುವಕನನ್ನು ಕಣಕ್ಕಿಳಿಸಿದನು. ಹಾಪ್ಕಿನ್ಸ್ ನಾಲ್ಕು ಗೋಲು ಹೊಡೆದನು, ಮುನ್ನಡೆ ಕರಗಿತು, ಕಾರ್ಲ್ಟನ್ ಹತ್ತು ಅಂಕಗಳಿಂದ ಗೆದ್ದಿತು. ಆಧುನಿಕ ಫುಟ್‌ಬಾಲ್ ಹುಟ್ಟಿದ್ದು ಆ ವಿರಾಮದ ಇಪ್ಪತ್ತು ನಿಮಿಷಗಳಲ್ಲಿಯೇ ಎಂಬ ಕಥೆ ಆಸ್ಟ್ರೇಲಿಯದಲ್ಲಿ ಬಹು ಪ್ರಚಲಿತ. ಕಥೆ ಚೆನ್ನಾಗಿದೆ, ಆದರೆ ಪೂರ್ಣ ಸತ್ಯವಲ್ಲ. ನಾರ್ಮ್ ಸ್ಮಿತ್ತನ ಸೋದರ ಲೆನ್ ಸ್ಮಿತ್ ಫಿಟ್ಜ್‌ರಾಯ್ ತಂಡದ ತರಬೇತುದಾರನಾಗಿದ್ದಾಗಲೇ ನಿಲ್ಲದೆ ಸಾಗುವ ಆಟದ ತತ್ತ್ವಗಳನ್ನು ಟಿಪ್ಪಣಿಗಳಾಗಿ ಬರೆದಿಟ್ಟಿದ್ದನು, ಅವು ಕೈಯಿಂದ ಕೈಗೆ ಹರಿದಾಡುತ್ತಿದ್ದುವು. ಜೀಲಾಂಗಿನ ಪಾಲಿ ಫಾರ್ಮರ್ ಹ್ಯಾಂಡ್‌ಬಾಲನ್ನು ಆಪತ್ಕಾಲದ ಉಪಾಯವಾಗಿಯಲ್ಲದೆ ಆಕ್ರಮಣದ ಆಯುಧವಾಗಿ ಬಳಸಿ ತೋರಿಸಿದ್ದನು. ಬರಾಸಿ ಮಾಡಿದ್ದು ಹೊಸದನ್ನು ಕಂಡುಹಿಡಿದದ್ದಲ್ಲ. ಎಲ್ಲರೂ ಬಲ್ಲ ಒಂದು ಅಪಾಯಕರ ವಿಚಾರವನ್ನು, ಲಕ್ಷ ಜನರ ಎದುರಿನಲ್ಲಿ, ಸೋಲು ಖಚಿತವೆಂದು ತೋರುತ್ತಿದ್ದ ಗಳಿಗೆಯಲ್ಲಿ ಪ್ರಯೋಗಿಸುವ ಎದೆಗಾರಿಕೆ ತೋರಿದ್ದು. ತರಬೇತುದಾರನ ಕೆಲಸವಾದರೂ ಅದೇ ಅಲ್ಲವೆ?

1971ರ ಕೊನೆಗೆ ಕಾರ್ಲ್ಟನ್ನನ್ನು ಬಿಟ್ಟ ಬರಾಸಿಯನ್ನು 1973ರಲ್ಲಿ ನಾರ್ತ್ ಮೆಲ್ಬರ್ನ್ ಕ್ಲಬ್ಬು ಕರೆತಂದಿತು. 1925ರಲ್ಲಿ ಲೀಗಿಗೆ ಸೇರಿದಂದಿನಿಂದ ಒಂದು ಪ್ರಶಸ್ತಿಯನ್ನೂ ಕಾಣದ, 1972ರಲ್ಲಿ ಒಂದೇ ಒಂದು ಪಂದ್ಯ ಗೆದ್ದು ತಳ ಸೇರಿದ್ದ ಬಡ ಬಡಾವಣೆಯ ಕ್ಲಬ್ಬದು. ಅಧ್ಯಕ್ಷ ಆಲನ್ ಐಲೆಟ್, ಕಾರ್ಯದರ್ಶಿ ರಾನ್ ಜೋಸೆಫ್ ಇಬ್ಬರೂ ಸಾಹಸಿಗಳು. ಹತ್ತು ವರ್ಷ ಒಂದೇ ಕ್ಲಬ್ಬಿನಲ್ಲಿ ಆಡಿದವನು ಇಚ್ಛೆಬಂದಲ್ಲಿಗೆ ಹೋಗಬಹುದೆಂದು ಲೀಗು ಆಗತಾನೆ ಮಾಡಿದ್ದ ಅಲ್ಪಾಯುಷಿ ನಿಯಮವನ್ನು ಬಳಸಿಕೊಂಡು, ಎಸೆಂಡನ್ನಿನ ಬ್ಯಾರಿ ಡೇವಿಸ್, ಜೀಲಾಂಗಿನ ಡಗ್ ವೇಡ್, ಸೌತ್ ಮೆಲ್ಬರ್ನಿನ ಜಾನ್ ರ್‍ಯಾಂಟಲ್ ಈ ಮೂವರು ಪ್ರೌಢರನ್ನು ಅವರು ಒಮ್ಮೆಗೇ ಸೆಳೆದುಕೊಂಡರು. ಒಂಬತ್ತು ವರ್ಷಗಳ ಹಿಂದೆ ಬರಾಸಿ ಒಬ್ಬನೇ ಮಾಡಿ ನಿಂದೆಗೆ ಗುರಿಯಾದ ಕೆಲಸ ಈಗ ನಿಯಮಬದ್ಧವಾಗಿ, ತಂಡ ಕಟ್ಟುವ ನೀತಿಯಾಗಿ ಪರಿಣಮಿಸಿತ್ತು. ದಕ್ಷಿಣ ಆಸ್ಟ್ರೇಲಿಯದಿಂದ ಮಾಲ್ಕಮ್ ಬ್ಲೈಟ್ ಬಂದನು. ಕೀತ್ ಗ್ರೇಗ್, ವೇನ್ ಶಿಮೆಲ್‌ಬುಶ್ ಮೊದಲಾದ ತರುಣರು ಅಲ್ಲಿಯೇ ಇದ್ದರು. 1974ರಿಂದ 1978ರವರೆಗೆ ಪ್ರತಿ ವರ್ಷವೂ ಈ ತಂಡ ಗ್ರ್ಯಾಂಡ್ ಫೈನಲ್ ತಲಪಿತು. 1975ರಲ್ಲಿ ಹಾಥಾರ್ನ್ ತಂಡವನ್ನು 55 ಅಂಕಗಳಿಂದ ಸೋಲಿಸಿದಾಗ, ಹನ್ನೆರಡು ಕ್ಲಬ್ಬುಗಳಲ್ಲಿ ಪ್ರಶಸ್ತಿಯಿಲ್ಲದೆ ಉಳಿದಿದ್ದ ಕೊನೆಯದೂ ಆ ಕೊರತೆಯಿಂದ ಮುಕ್ತವಾಯಿತು. 1977ರಲ್ಲಿ ಕಾಲಿಂಗ್‌ವುಡ್ಡಿನೊಡನೆ ನಡೆದ ಪಂದ್ಯ 76 ಅಂಕಗಳಲ್ಲಿ ಸಮವಾಗಿ ನಿಂತಿತು. ಒಂದು ವಾರದ ತರುವಾಯ ಮರುಪಂದ್ಯದಲ್ಲಿ ನಾರ್ತ್ ಮೆಲ್ಬರ್ನ್ 27 ಅಂಕಗಳಿಂದ ಗೆದ್ದಿತು.

ಈತನ ತರಬೇತಿಯ ರೀತಿಯನ್ನು ಕುರಿತು ಹೇಳುವವರೆಲ್ಲರೂ ಮೊದಲು ನೆನೆಯುವುದು ಧ್ವನಿಯನ್ನು. ವಿರಾಮದಲ್ಲಿ ಕೆಂಪೇರಿದ ಮುಖದಿಂದ, ಉಬ್ಬಿದ ಕತ್ತಿನ ನರಗಳಿಂದ, ಆಟಗಾರನ ಮೂಗಿಗೆ ಮೂಗು ತಾಗುವಷ್ಟು ಸಮೀಪ ನಿಂತು ಅಬ್ಬರಿಸುವ ಬರಾಸಿಯ ಚಿತ್ರಗಳು ಆ ಕಾಲದ ಪತ್ರಿಕೆಗಳಲ್ಲಿ ಸಾಮಾನ್ಯ. ಪ್ರತಿಭಾವಂತರ ಮೇಲೆ ಈತನ ಕೋಪ ಇನ್ನೂ ಹೆಚ್ಚು. ಸಾಮರ್ಥ್ಯವಿಲ್ಲದವನ ತಪ್ಪನ್ನು ಕ್ಷಮಿಸುತ್ತಿದ್ದವನು, ಸಾಮರ್ಥ್ಯವಿದ್ದೂ ಮನಸ್ಸಿಟ್ಟು ಆಡದವನನ್ನು ಸಹಿಸುತ್ತಿರಲಿಲ್ಲ. ಬ್ರೆಂಟ್ ಕ್ರಾಸ್‌ವೆಲ್ ಎಂಬ ಸ್ವಚ್ಛಂದ ಸ್ವಭಾವದ ಆಟಗಾರನು ಕಾರ್ಲ್ಟನ್, ನಾರ್ತ್ ಮೆಲ್ಬರ್ನ್, ಮೆಲ್ಬರ್ನ್ ಮೂರೂ ಕಡೆ ಈತನ ಕೈಕೆಳಗೆ ಆಡಿ, ನಾಲ್ಕೂ ಪ್ರಶಸ್ತಿಗಳಲ್ಲಿ ಪಾಲುಗೊಂಡು, ದಿನಂಪ್ರತಿ ಜಗಳವಾಡುತ್ತಲೇ ಇದ್ದು, ನಿವೃತ್ತನಾದ ಮೇಲೆ ಆ ಜಗಳಗಳನ್ನೇ ವಿನೋದ ಲೇಖನಗಳಾಗಿ ಬರೆದನು. ಬೈಗುಳದ ಹಿಂದಿನ ಮಮತೆಯನ್ನು ಬೈಸಿಕೊಂಡವನೇ ಚೆನ್ನಾಗಿ ಬಲ್ಲನು. ನಾಟಕಕಾರ ಜಾನ್ ಪವರ್ಸ್ 1977ರ ಋತುವಿನುದ್ದಕ್ಕೂ ತಂಡದೊಡನಿದ್ದು ಬರೆದ ಗ್ರಂಥವು ಮರುವರ್ಷ ಪ್ರಕಟವಾಯಿತು. ಕ್ರೀಡಾ ತಂಡವೊಂದರ ಒಳಮನೆಯನ್ನು ಅಷ್ಟು ಸಮೀಪದಿಂದ ಚಿತ್ರಿಸಿದ ಪುಸ್ತಕ ಆ ದೇಶದಲ್ಲಿ ಅದಕ್ಕೆ ಮೊದಲು ವಿರಳ. ಈ ಕಠೋರ ಪದ್ಧತಿಗೆ ಕಾಲದ ಮಿತಿ ಇತ್ತೆಂಬುದನ್ನೂ ಹೇಳದಿದ್ದರೆ ವಿವರಣೆ ಏಕಪಕ್ಷೀಯವಾದೀತು. ಅಂಜಿಕೆಯಿಂದ ಎಬ್ಬಿಸಿದ ಉತ್ಸಾಹ ನಾಲ್ಕೈದು ವರ್ಷಗಳಲ್ಲಿ ಸವೆದುಹೋಗುತ್ತದೆ. 1978ರ ತರುವಾಯ ನಾರ್ತ್ ಮೆಲ್ಬರ್ನ್ ಇಳಿಮುಖವಾಯಿತು, 1980ರಲ್ಲಿ ಈತ ಅಲ್ಲಿಂದಲೂ ಹೊರಬಂದನು.

1981ರಲ್ಲಿ ಬರಾಸಿ ಮೆಲ್ಬರ್ನ್ ಕ್ಲಬ್ಬಿಗೆ ಮರಳಿದಾಗ ಹಳೆಯ ಸಿಟ್ಟೆಲ್ಲ ಮರೆತುಹೋಗಿ, ಮನೆಬಿಟ್ಟ ಮಗ ಹಿಂದಿರುಗಿದನೆಂಬ ಸಂಭ್ರಮ ಎಲ್ಲೆಲ್ಲಿಯೂ ತುಂಬಿತು. ಫಲ ಮಾತ್ರ ಶೂನ್ಯ. ಮೊದಲ ವರ್ಷ ಗೆದ್ದದ್ದು ಒಂದೇ ಪಂದ್ಯ. ಐದು ವರ್ಷಗಳಲ್ಲಿ ಒಮ್ಮೆಯೂ ಅಂತಿಮ ಸುತ್ತು ದೊರೆಯಲಿಲ್ಲ. ಆದರೆ ಈ ಸೋಲಿನ ಕಾಲದಲ್ಲಿಯೇ ಈತನ ಅತ್ಯಂತ ಸ್ವತಂತ್ರವಾದ ಆಲೋಚನೆ ಕೈಗೂಡಿತು. ಗೇಲಿಕ್ ಫುಟ್‌ಬಾಲ್ ಆಡುವ ಐರಿಷ್ ತರುಣರನ್ನು ಕರೆತಂದು ಈ ಆಟ ಕಲಿಸಬಹುದೆಂದು ನಂಬಿ ಕ್ಲಬ್ಬು ನಡೆಸಿದ ಪ್ರಯೋಗದಲ್ಲಿ, 1984ರಲ್ಲಿ ಡಬ್ಲಿನ್ನಿನಿಂದ ಬಂದವನು ಜಿಮ್ ಸ್ಟೈನ್ಸ್. ಅಂಡಾಕಾರದ ಚೆಂಡನ್ನೇ ಹಿಡಿದರಿಯದ ಆ ಹುಡುಗ 1991ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್ಲೋ ಪದಕವನ್ನು ಪಡೆದನು. ಎಡೆಬಿಡದೆ 244 ಪಂದ್ಯಗಳನ್ನಾಡಿ ದಾಖಲೆ ಸ್ಥಾಪಿಸಿದನು. ಗುರುವಿಗೆ ಆ ಪದಕ ತನ್ನ ಆಟದ ದಿನಗಳಲ್ಲಿ ಎಂದೂ ದೊರೆತಿರಲಿಲ್ಲ. ಬರಾಸಿ ನಿರ್ಗಮಿಸಿದ ಎರಡೇ ವರ್ಷಗಳಲ್ಲಿ, ಜಾನ್ ನಾರ್ದಿಯ ತರಬೇತಿಯಲ್ಲಿ, ಮೆಲ್ಬರ್ನ್ ಅಂತಿಮ ಸುತ್ತನ್ನು ಪ್ರವೇಶಿಸಿ, 1988ರಲ್ಲಿ ಗ್ರ್ಯಾಂಡ್ ಫೈನಲನ್ನೂ ಆಡಿತು. ಬಿತ್ತಿದವನೊಬ್ಬ, ಕೊಯ್ದವನೊಬ್ಬ.

ಈ ಆಟ ಆಸ್ಟ್ರೇಲಿಯದ್ದೆಂದು ಹೆಸರಾಗಿದ್ದರೂ ಆಸ್ಟ್ರೇಲಿಯವೆಲ್ಲವೂ ಇದರದ್ದಲ್ಲ. ಸಿಡ್ನಿ, ಬ್ರಿಸ್ಬೇನ್ ಸೀಮೆಗಳ ಜನ ರಗ್ಬಿಯ ಭಕ್ತರು. ಮೊನಾಶ್ ವಿಶ್ವವಿದ್ಯಾಲಯದ ಚರಿತ್ರಕಾರ ಇಯನ್ ಟರ್ನರ್, ಬರಾಸಿ ಇನ್ನೂ ಗಟ್ಟಿಮುಟ್ಟಾಗಿ ಬದುಕಿರುವಾಗಲೇ ‘ರಾನ್ ಬರಾಸಿ ಸ್ಮಾರಕ ಉಪನ್ಯಾಸ’ ಎಂಬ ಪರಿಹಾಸದ ಶೀರ್ಷಿಕೆಯಲ್ಲಿ ಕೆಲವು ವರ್ಷ ಭಾಷಣ ಮಾಡುತ್ತಿದ್ದನು. 1978ರ ಭಾಷಣದಲ್ಲಿ ಆತ, ಉತ್ತರದ ಆರ್ನ್‌ಹೆಮ್ ಲ್ಯಾಂಡಿನಿಂದ ಬರ್ಡ್ಸ್‌ವಿಲ್ ಮೇಲೆ ಹಾದು ಆಗ್ನೇಯದ ಕರಾವಳಿಗೆ ಇಳಿಯುವ ಒಂದು ಕಲ್ಪಿತ ಗೆರೆಯನ್ನೆಳೆದು, ಅದರ ಒಂದು ಕಡೆ ಈ ಫುಟ್‌ಬಾಲೂ ಮತ್ತೊಂದು ಕಡೆ ರಗ್ಬಿಯೂ ಆಳುತ್ತವೆಂದು ವಿವರಿಸಿ, ಅದಕ್ಕೆ ಬರಾಸಿ ರೇಖೆಯೆಂದು ನಾಮಕರಣ ಮಾಡಿದನು. ಹಾಸ್ಯಕ್ಕೆ ಹುಟ್ಟಿದ ಈ ಹೆಸರು ಈಗ ಆ ದೇಶದ ಸಮಾಜಶಾಸ್ತ್ರಜ್ಞರ ಗಂಭೀರ ಬರೆಹಗಳಲ್ಲಿಯೂ ಬಳಕೆಯಲ್ಲಿದೆ.

ಆ ರೇಖೆಯನ್ನು ಬರಾಸಿಯೇ ದಾಟಿದ್ದು 1993ರಲ್ಲಿ. ಅಷ್ಟರಲ್ಲಿ ಲೀಗು ತನ್ನ ಹೆಸರನ್ನು ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂದು ಬದಲಿಸಿಕೊಂಡಿತ್ತು. ಸೌತ್ ಮೆಲ್ಬರ್ನ್ ಕ್ಲಬ್ಬು 1982ರಲ್ಲಿಯೇ ಸಿಡ್ನಿಗೆ ಸ್ಥಳಾಂತರಗೊಂಡು, ಸಿಡ್ನಿ ಸ್ವಾನ್ಸ್ ಎಂಬ ಹೆಸರಿನಲ್ಲಿ ಪರಸ್ಥಳದಲ್ಲಿ ಬೇರುಬಿಡಲಾರದೆ ಒದ್ದಾಡುತ್ತಿತ್ತು. ಸತತವಾಗಿ ಸೋಲುತ್ತ ದಿವಾಳಿಯ ಅಂಚಿಗೆ ಬಂದಿದ್ದ ಅದನ್ನು ಉಳಿಸಿಕೊಳ್ಳಲು, ಐವತ್ತೇಳು ವರ್ಷದ ಬರಾಸಿಯನ್ನು ನಿವೃತ್ತಿಯಿಂದ ಎಬ್ಬಿಸಿ ಕಳುಹಿಸಲಾಯಿತು. ಆ ತಂಡ ಒಂದಾದಮೇಲೊಂದರಂತೆ 26 ಪಂದ್ಯಗಳನ್ನು ಸೋತು, ಕೊನೆಗೆ ಗೆದ್ದದ್ದು ಮೆಲ್ಬರ್ನ್ ತಂಡದ ಮೇಲೆಯೇ. 1993, 1994 ಎರಡು ವರ್ಷವೂ ಕಡೆಯ ಸ್ಥಾನ ತಪ್ಪಲಿಲ್ಲವಾದರೂ, ಬರಾಸಿ ಎಂಬ ಹೆಸರೊಂದೇ ಸಿಡ್ನಿಯ ಪತ್ರಿಕೆಗಳಲ್ಲಿ ಆ ತಂಡಕ್ಕೆ ಜಾಗ ಗಳಿಸಿಕೊಟ್ಟಿತು. 1995ರಲ್ಲಿ ಟೋನಿ ಲಾಕೆಟ್, ಪಾಲ್ ರೂಸ್ ಇಬ್ಬರು ಪ್ರಸಿದ್ಧರು ಅಲ್ಲಿಗೆ ಬಂದರು. ನಾಯಕ ಪಾಲ್ ಕೆಲಿ ಅದೇ ವರ್ಷ ಬ್ರೌನ್ಲೋ ಪದಕ ಪಡೆದನು. ಆ ಋತುವಿನ ಕೊನೆಗೆ ಬರಾಸಿ ತರಬೇತಿಗೆ ವಿದಾಯ ಹೇಳಿದನು. ಮರುವರ್ಷವೇ ರಾಡ್ನಿ ಈಡ್ ಎಂಬ ಹೊಸ ತರಬೇತುದಾರನ ಕೈಯಲ್ಲಿ ಸಿಡ್ನಿ ಗ್ರ್ಯಾಂಡ್ ಫೈನಲ್ ತಲಪಿತು. 2005ರಲ್ಲಿ, ಅಷ್ಟರಲ್ಲಿ ತರಬೇತುದಾರನಾಗಿದ್ದ ರೂಸ್, ಆ ನಗರಕ್ಕೆ ಮೊದಲ ಪ್ರಶಸ್ತಿಯನ್ನು ತಂದನು.

ಕೇವಲ ಅಂಕಿಗಳಿಂದ ತೂಗಿದರೆ ಬರಾಸಿ ತರಬೇತುದಾರರಲ್ಲಿ ಅಗ್ರಗಣ್ಯನಲ್ಲ. ಕಾಲಿಂಗ್‌ವುಡ್ಡಿನ ಜಾಕ್ ಮಕ್‌ಹೇಲ್ ಎಂಟು ಪ್ರಶಸ್ತಿಗಳನ್ನು ಗಳಿಸಿದವನು, ಗುರು ಸ್ಮಿತ್ ಆರನ್ನು ಗಳಿಸಿದವನು. ನಾಲ್ಕನ್ನು ಪಡೆದವರಂತೂ ಇನ್ನೂ ಹಲವರಿದ್ದಾರೆ. ಆದರೆ ಮಕ್‌ಹೇಲ್ ಆಗಲಿ ಸ್ಮಿತ್ ಆಗಲಿ ಒಂದೊಂದೇ ಕ್ಲಬ್ಬಿನಲ್ಲಿ ಆ ಸಾಧನೆ ಮಾಡಿದರೆ, ಬರಾಸಿ ಹೋದಲ್ಲೆಲ್ಲ ಮೊದಲು ಕಂಡದ್ದು ಪಾಳುಬಿದ್ದ ಮನೆಯನ್ನು. 1996ರಲ್ಲಿ ಲೀಗಿನ ಶತಮಾನೋತ್ಸವದ ಅಂಗವಾಗಿ ಆರಿಸಿದ ಶತಮಾನದ ತಂಡದಲ್ಲಿ ರಕ್-ರೋವರ್ ಸ್ಥಾನ ಈತನಿಗೆ ಸಂದಿತು. ತರಬೇತುದಾರನೆಂದು ಆಯ್ಕೆಯಾದವನು ನಾರ್ಮ್ ಸ್ಮಿತ್. ಅದೇ ವರ್ಷ ಸ್ಥಾಪಿತವಾದ ಆಸ್ಟ್ರೇಲಿಯನ್ ಫುಟ್‌ಬಾಲ್ ಕೀರ್ತಿಭವನದ ಮೊದಲ ಹನ್ನೆರಡು ಮಹಾಪುರುಷರಲ್ಲಿಯೂ ಬರಾಸಿ ಒಬ್ಬನಾದನು. ಮೆಲ್ಬರ್ನ್ ಕ್ರಿಕೆಟ್ ಮೈದಾನದ ಹೊರಗೆ ಈತನ ಕಂಚಿನ ಪ್ರತಿಮೆಯಿದೆ.

2006ರಲ್ಲಿ ಮೆಲ್ಬರ್ನಿನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡೆಗಳ ಉದ್ಘಾಟನೆಯಂದು, ಕ್ರೀಡಾದಂಡವನ್ನು ಕೈಯಲ್ಲಿ ಹಿಡಿದು ಯಾರಾ ನದಿಯ ನೀರಿನ ಮೇಲೆಯೇ ನಡೆದುಬಂದಂತೆ ತೋರುವ ಚಮತ್ಕಾರಕ್ಕೆ ಸಂಘಟಕರು ಈತನನ್ನು ಆರಿಸಿದರು. ಆ ನಗರದ ಜನ ಅದನ್ನು ನಗುತ್ತ ಒಪ್ಪಿಕೊಂಡರೇ ಹೊರತು ಅತಿಶಯವೆನ್ನಲಿಲ್ಲ. 2008ರ ಕೊನೆಯ ರಾತ್ರಿ ಸೇಂಟ್ ಕಿಲ್ಡದ ಬೀದಿಯಲ್ಲಿ ಹೆಂಗಸೊಬ್ಬಳ ಮೇಲೆ ನಡೆದ ಹಲ್ಲೆಯನ್ನು ತಡೆಯಲು ನುಗ್ಗಿ, ಎಪ್ಪತ್ತೆರಡರ ವಯಸ್ಸಿನಲ್ಲಿ ಪೆಟ್ಟು ತಿಂದನು. 2021ರಲ್ಲಿ, ಸಾಂಕ್ರಾಮಿಕದ ಕಾರಣ ಪರ್ತ್ ನಗರದಲ್ಲಿ ನಡೆದ ಗ್ರ್ಯಾಂಡ್ ಫೈನಲಿನಲ್ಲಿ ಮೆಲ್ಬರ್ನ್ ತಂಡ ಗೆದ್ದು, 1964ರಲ್ಲಿ ಈತನ ನಾಯಕತ್ವದಲ್ಲಿ ಪಡೆದ ಪ್ರಶಸ್ತಿಯ ತರುವಾಯ ಮೊದಲ ಬಾರಿಗೆ ಅದನ್ನು ಮತ್ತೆ ತನ್ನದಾಗಿಸಿಕೊಂಡಿತು. ಬರಾಸಿ 2023ರ ಸೆಪ್ಟೆಂಬರ್ 16ರಂದು, ಬಿದ್ದುದರಿಂದ ಉಂಟಾದ ತೊಡಕುಗಳಿಂದಾಗಿ, ಎಂಬತ್ತೇಳನೆಯ ವಯಸ್ಸಿನಲ್ಲಿ ನಿಧನನಾದನು; ವಿಕ್ಟೋರಿಯ ಸರ್ಕಾರದ ಗೌರವದೊಡನೆ ಸ್ಮರಣ ಸಭೆ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಆ ವರ್ಷದ ನವೆಂಬರಿನಲ್ಲಿ ಜರುಗಿತು.